ಮರಳಿನ ಮೇಲೆ ಬರೆದ ಪಾಠ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮಂಥ ಅಧ್ಯಾಪಕರಿಗಾಗಿ ಮೂರು ದಿನಗಳ ತರಬೇತಿ ಶಿಬಿರವೊಂದು ನಡೆಯಿತು. ಬೆಳಿಗ್ಗೆ ಉಪ್ಪಿಟ್ಟು, ಆಮೇಲೆ ಉಪನ್ಯಾಸ, ನಡುವೆ ಕಾಫಿ, ಮತ್ತೆ ಉಪನ್ಯಾಸ. ಇಂಥ ಶಿಬಿರಗಳ ಕ್ರಮ ಬಲ್ಲವರಿಗೆ ಗೊತ್ತು. ಎರಡನೆಯ ದಿನ ಬಂದ ತಜ್ಞರು ನಮಗೆ ಹೊಸದೆನಿಸುವ ಮಾತೊಂದನ್ನು ಹೇಳಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಇನ್ನು ಕೆಲವರು ಕೈಯಿಂದ ಕಲಿಯುವವರು. ಯಾರು ಯಾವ ಗುಂಪಿಗೆ ಸೇರಿದವರೆಂದು ಮೊದಲು ಗೊತ್ತುಮಾಡಿಕೊಂಡು, ಅವರವರ ಶೈಲಿಗೆ ತಕ್ಕಂತೆ ಪಾಠ ಹೇಳಬೇಕು ಎಂದರು. ಗೊತ್ತುಮಾಡಿಕೊಳ್ಳುವುದಕ್ಕೆ ಒಂದು ಪ್ರಶ್ನಾವಳಿಯನ್ನೂ ಹಂಚಿದರು.

ನಾನು ಕನ್ನಡ ಪಾಠ ಹೇಳುವವನು. ಹೊಸದೇನಾದರೂ ಕೈಗೆ ಸಿಕ್ಕಿದರೆ ಮಾಡಿ ನೋಡುವ ಹುಚ್ಚು ಇನ್ನೂ ಬಿಟ್ಟಿಲ್ಲ. ಕಾಲೇಜು ಶುರುವಾದ ಮೊದಲ ವಾರವೇ ತರಗತಿಯ ಎಂಬತ್ತು ಮಂದಿಗೂ ಆ ಪ್ರಶ್ನಾವಳಿಯನ್ನು ಕೊಟ್ಟು, ಉತ್ತರ ಬರೆಸಿ, ಮೂರು ಪಟ್ಟಿಗಳನ್ನು ಮಾಡಿದೆ. ಹೆಸರುಗಳನ್ನು ತರಗತಿಯಲ್ಲಿ ಓದಿಯೂ ಹೇಳಿದೆ. ಹುಡುಗರಿಗೆ ಇದೊಂದು ಜ್ಯೋತಿಷ್ಯದಂತೆ ಕಂಡಿತು, ಎಲ್ಲರಿಗೂ ಸಂತೋಷವೇ. ಆದರೆ ಒಂದು ತಿಂಗಳು ಕಳೆದ ಮೇಲೆ, ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳು ಪಠ್ಯಪುಸ್ತಕವನ್ನೇ ತಾರದೆ ಬಂದು ಕೂತಳು. ಕೇಳಿದ್ದಕ್ಕೆ ಎದ್ದು ನಿಂತು, ಸ್ವಲ್ಪವೂ ಅಳುಕಿಲ್ಲದೆ, "ಸಾರ್, ನಾನು ಕಿವಿಯಿಂದ ಕಲಿಯೋಳು ಅಂತ ನೀವೇ ಹೇಳಿದ್ರಲ್ಲ, ಪುಸ್ತಕ ಓದಿದ್ರೆ ನನಗೆ ಹತ್ತೋದಿಲ್ಲ" ಎಂದಳು.

ಅವಳು ತಮಾಷೆಗೆ ಹೇಳಲಿಲ್ಲ. ನನ್ನ ಮಾತನ್ನು ನಂಬಿಯೇ ಹೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಂದು ಮನೆಗೆ ಬಂದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ನಮ್ಮ ನಾಡಿನಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟವರು ನಮಗಿಂತ ಮೊದಲು ಎಷ್ಟೋ ತಲೆಮಾರು ಇದ್ದರಲ್ಲ. ಒಬ್ಬ ಚುರುಕು, ಒಬ್ಬ ನಿಧಾನ, ಒಬ್ಬನಿಗೆ ಲೆಕ್ಕ ಹತ್ತುತ್ತದೆ, ಒಬ್ಬನಿಗೆ ಪದ್ಯ ಹತ್ತುತ್ತದೆ ಎಂಬುದು ಅವರ ಕಣ್ಣಿಗೂ ಬಿದ್ದಿರಲೇಬೇಕಲ್ಲ. ಅವರು ಏನು ಮಾಡಿದರು? ಈ ಪ್ರಶ್ನೆಯನ್ನು ಹಿಡಿದು ಹಳೆಯ ಕಾಗದಪತ್ರಗಳನ್ನು ಓದುತ್ತ ಹೋದವನಿಗೆ ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಅಜ್ಜನ ಬೆರಳು

ಮೊದಲು ನಮ್ಮ ಮನೆಯದೇ ಒಂದು ನೆನಪು. ನಮ್ಮ ಅಜ್ಜನವರದು ಬಳ್ಳಾರಿ ಸೀಮೆ. ಊರಿನ ಐಗಳ ಮಠದಲ್ಲಿ ಅವರು ಅಕ್ಷರ ಕಲಿತದ್ದು. ಮಠವೆಂದರೆ ಮಠವಲ್ಲ; ಒಂದು ಮನೆಯ ಜಗಲಿ, ಒಬ್ಬ ಅಯ್ಯನವರು, ಹತ್ತು ಹನ್ನೆರಡು ಹುಡುಗರು. ಇದನ್ನೇ ಕೆಲವು ಕಡೆ ಕೂಲಿ ಮಠವೆಂದೂ ಗಾಂವಠಿ ಶಾಲೆಯೆಂದೂ ಕರೆಯುತ್ತಿದ್ದರು. ಅಜ್ಜನವರು ಮುದುಕರಾದ ಮೇಲೂ, ಜಗಲಿಯ ಮೇಲೆ ಕುಳಿತು ಮಾತಾಡುತ್ತಿರುವಾಗ ಬಲಗೈಯ ತೋರುಬೆರಳು ತಾನಾಗಿ ನೆಲದ ಧೂಳಿನಲ್ಲಿ ಅಕ್ಷರ ತಿದ್ದುತ್ತಿತ್ತು. ಮುಕ್ಕಾಲರ ಮಗ್ಗಿಯನ್ನು ಕೇಳಿದರೆ ರಾಗವಾಗಿ ಹೇಳುತ್ತಿದ್ದರು. ನಡುವೆ ನಿಲ್ಲಿಸಿ ಮುಂದಿನದನ್ನು ಕೇಳಿದರೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಆ ಬೆರಳು, ಆ ರಾಗ ಎರಡೂ ನನಗೆ ಆಗ ಮುಪ್ಪಿನ ಚಾಳಿಗಳಂತೆ ಕಂಡಿದ್ದವು. ಅವುಗಳ ಹಿಂದೆ ಒಂದು ದೊಡ್ಡ ವಿದ್ಯಾಪದ್ಧತಿಯೇ ಇತ್ತೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಪಟ್ಟಣದ ಮನೆಗಳಲ್ಲಿಯೂ ಇದರ ಕುರುಹು ಉಳಿದಿದೆ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಮೊದಲ ಅಕ್ಷರ ಬರೆಸುತ್ತೇವಲ್ಲವೆ? ಮರುದಿನದಿಂದ ಪೆನ್ಸಿಲು, ಕಾಪಿ ಪುಸ್ತಕ. ಹಿಂದಿನವರಿಗೆ ಆ ತಟ್ಟೆಯ ಅಕ್ಕಿ ಒಂದು ದಿನದ ಶಾಸ್ತ್ರವಾಗಿರಲಿಲ್ಲ, ಅಕ್ಕಿಯ ಬದಲು ಮರಳು, ಅಷ್ಟೇ, ಪಾಠ ನಿತ್ಯದ್ದು.

ಗುಡಿಯ ಮಂಟಪದ ನಾಲ್ವರು ಹುಡುಗರು

ಈ ಮರಳಿನ ಪಾಠವನ್ನು ಕಣ್ಣಾರೆ ಕಂಡು ಬರೆದಿಟ್ಟ ಒಬ್ಬ ಪರದೇಶದವನಿದ್ದಾನೆ. ಹೆಸರು ಪಿಯೆತ್ರೋ ಡೆಲ್ಲಾ ವಾಲೆ, ರೋಮಿನವನು. 1586ರಲ್ಲಿ ಹುಟ್ಟಿ, ತುರ್ಕಿ, ಪಾರಸಿಗಳನ್ನು ಸುತ್ತಿ, ಗೋವೆಗೆ ಬಂದಿದ್ದವನು. ಉಳ್ಳಾಲದ ರಾಣಿಯನ್ನು ಕಂಡು ಬರೆದವನೂ ಇವನೇ. 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ, ವೆಂಕಟಪ್ಪ ನಾಯಕನ ಇಕ್ಕೇರಿಗೆ ಪ್ರಯಾಣ ಮಾಡಿದನು. ಆ ವರ್ಷದ ನವೆಂಬರ್ 22ರ ದಿನಾಂಕವಿರುವ ಪತ್ರದಲ್ಲಿ ದಾರಿಯ ಸಂಗತಿಗಳನ್ನೆಲ್ಲ ವಿವರವಾಗಿ ಬರೆದಿದ್ದಾನೆ.

ದಾರಿಯಲ್ಲಿ ಒಂದು ಗುಡಿಯ ಮಂಟಪದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರು ಅಲ್ಲಿರಲಿಲ್ಲ. ಗುರು ಹೇಳಿಕೊಟ್ಟಿದ್ದ ಪಾಠವನ್ನು ಅವರು ತಾವೇ ಗಟ್ಟಿಮಾಡಿಕೊಳ್ಳುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿತ್ತು. ಒಬ್ಬ ಒಂದು ಸಾಲನ್ನು ರಾಗವಾಗಿ ಹಾಡಿ, ಹಾಡುತ್ತಲೇ ಅದನ್ನು ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದ ಮೂವರೂ ಅದೇ ಸಾಲನ್ನು ಅದೇ ರಾಗದಲ್ಲಿ ಹಾಡಿ, ಅದನ್ನೇ ಬರೆಯುವರು. ನೆಲ ತುಂಬಿತೆಂದರೆ ಅಳಿಸಿ, ಹೊಸ ಮರಳು ಚೆಲ್ಲಿ, ಮುಂದಿನ ಸಾಲು. ಕಾಗದ ಖರ್ಚಾಗದಂತೆ ಈ ಉಪಾಯ ಎಂದು ಅವರು ಪರದೇಶಿಗೆ ವಿವರಿಸಿದರಂತೆ. ಡೆಲ್ಲಾ ವಾಲೆ ಕುತೂಹಲದಿಂದ ಕೇಳಿದನು: ಗುರು ಇಲ್ಲದಿರುವಾಗ ಯಾವುದಾದರೂ ಮರೆತುಹೋದರೆ ತಿದ್ದುವವರು ಯಾರು? ಹುಡುಗರು ಕೊಟ್ಟ ಉತ್ತರ ಸರಳವಾದದ್ದು: ನಾಲ್ವರಿಗೂ ಒಂದೇ ಭಾಗ ಮರೆತುಹೋಗುವುದು ಸಾಧ್ಯವಿಲ್ಲ; ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ. ಪ್ರಪಂಚ ಸುತ್ತಿ ಬಂದ ಆ ಯಾತ್ರಿಕ ಈ ಕ್ರಮವನ್ನು ಮನಸಾರೆ ಮೆಚ್ಚಿ ಬರೆದಿದ್ದಾನೆ.

ಈ ಚಿತ್ರವನ್ನು ಓದುವಾಗ ನನ್ನ ಮೂರು ಪಟ್ಟಿಗಳು ನೆನಪಿಗೆ ಬಂದವು. ಆ ನಾಲ್ವರಲ್ಲಿ ಕಿವಿಯವನು ಯಾರು, ಕೈಯವನು ಯಾರು? ಹಾಡಿದ್ದು ಬಾಯಿ, ಕೇಳಿದ್ದು ಕಿವಿ, ಬರೆದದ್ದು ಬೆರಳು, ಬರೆದದ್ದನ್ನು ನೋಡಿದ್ದು ಕಣ್ಣು. ಒಂದೇ ಪಾಠ ಒಬ್ಬೊಬ್ಬ ಹುಡುಗನ ಒಳಗೂ ನಾಲ್ಕು ಬಾಗಿಲುಗಳಿಂದ ಹೋಗುತ್ತಿತ್ತು. ಯಾವ ಬಾಗಿಲು ಯಾರದು ಎಂದು ಯಾರೂ ಗೊತ್ತುಮಾಡಿರಲಿಲ್ಲ. ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿದ್ದವು.

ಕಲೆಕ್ಟರರ ವರದಿ

ಡೆಲ್ಲಾ ವಾಲೆ ದಾರಿಹೋಕ. ಕಂಡದ್ದು ಒಂದು ಮಂಟಪ. ಸರಿಯಾಗಿ ಇನ್ನೂರು ವರ್ಷಗಳ ಅನಂತರ ಇಡೀ ಒಂದು ಜಿಲ್ಲೆಯ ಶಾಲೆಗಳನ್ನು ಲೆಕ್ಕಹಾಕಿ ಬರೆದ ವರದಿಯೊಂದು ನಮಗೆ ಸಿಗುತ್ತದೆ. ಮದರಾಸು ಪ್ರಾಂತದ ಗವರ್ನರರಾಗಿದ್ದ ಥಾಮಸ್ ಮನ್ರೋ ಸಾಹೇಬರು 1822ರ ಜೂನ್‌ನಲ್ಲಿ, ಪ್ರತಿಯೊಂದು ಜಿಲ್ಲೆಯಲ್ಲಿಯೂ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ವಿಚಾರಿಸಲು ಸೂಚಿಸಿದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಸಾಹೇಬರ ಉತ್ತರ 1823ರ ಆಗಸ್ಟ್ 17ರದು. ಈತ ತೆಲುಗಿಗೆ ವ್ಯಾಕರಣ ಬರೆದವರು. ದೇಶಭಾಷೆಗಳ ವಿಷಯದಲ್ಲಿ ಆಸಕ್ತಿಯಿದ್ದವರು. ಉಳಿದ ಅನೇಕ ಕಲೆಕ್ಟರರು ಅಂಕಿಗಳನ್ನಷ್ಟೇ ತುಂಬಿ ಕಳಿಸಿದರೆ, ಇವರು ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದರು. ಈ ವರದಿಗಳನ್ನು ಧರ್ಮಪಾಲರು ಒಟ್ಟುಗೂಡಿಸಿ 1983ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೇಲೆ ಅವು ಎಲ್ಲರ ಕೈಗೂ ಸಿಗುವಂತಾದವು.

ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು; ಅನಂತಪುರದ ಸೀಮೆಯೂ ಅದರಲ್ಲಿಯೇ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷು ಶಾಲೆ ಒಂದೇ ಒಂದು. ವಿದ್ಯಾರ್ಥಿಗಳು ಒಟ್ಟು 6,641. ಭಾಗಿಸಿ ನೋಡಿದರೆ ಒಂದು ಶಾಲೆಗೆ ಹನ್ನೆರಡು ಹದಿಮೂರು ಮಕ್ಕಳು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕ್ಯಾಂಬೆಲ್ಲರು ಬರೆದಿರುವ ಶಾಲೆಯ ದಿನಚರಿ ಹೀಗಿದೆ. ಹುಡುಗ ಐದನೆಯ ವಯಸ್ಸಿಗೆ ಮಠಕ್ಕೆ ಸೇರುತ್ತಾನೆ. ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಗೌರವ. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುತ್ತದೆ. ಎಲ್ಲರೂ ಕೂಡಿದ ಮೇಲೆ ಅವರನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಾರೆ. ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರು ನೋಡಿಕೊಳ್ಳುತ್ತಾರೆ. ಮೇಲಿನ ಗುಂಪುಗಳನ್ನು ಅಯ್ಯನವರೇ ನೋಡಿಕೊಳ್ಳುತ್ತಾರೆ. ಆದರೆ ಅವರ ಒಂದು ಕಣ್ಣು ಇಡೀ ಶಾಲೆಯ ಮೇಲೆ ಇರುತ್ತದೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹುಡುಗನು ಏರುವುದು ತನ್ನ ಶಕ್ತಿಗೆ, ತಾನು ಸಾಧಿಸಿದ ಪ್ರಗತಿಗೆ ತಕ್ಕಂತೆ. ವರ್ಷ ಕಳೆಯಿತೆಂದು ಏರಿಸುವುದೂ ಇಲ್ಲ, ವರ್ಷ ಕಳೆಯಲಿಲ್ಲವೆಂದು ತಡೆಯುವುದೂ ಇಲ್ಲ.

ಅಕ್ಷರ ಕಲಿಯುವುದು ಮರಳಿನ ಮೇಲೆ ಬೆರಳಿನಿಂದ ಬರೆದು. ಯುರೋಪಿನಲ್ಲಿ ಅಕ್ಷರಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಾರೆ, ಇಲ್ಲಿ ಬರೆಯುವುದರಿಂದಲೇ ಆರಂಭ ಎಂಬ ವ್ಯತ್ಯಾಸವನ್ನು ಕ್ಯಾಂಬೆಲ್ಲರು ಗುರುತಿಸಿದ್ದಾರೆ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಸುಮಾರು ಮೂರಡಿ ಉದ್ದ, ಒಂದಡಿ ಅಗಲ. ಅದಕ್ಕೆ ಅನ್ನ ಮತ್ತು ಇದ್ದಿಲ ಪುಡಿಯ ಲೇಪ. ಕಡತವೆಂದರೆ ಗಂಜಿ ಹಾಕಿ ಬಿಗಿಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರಸಬಹುದು. ಇಂಗ್ಲಿಷು ಲಿಪಿಯಲ್ಲಿ ಈ ಹೆಸರುಗಳು ಒಂದಿಷ್ಟು ಕೆಟ್ಟಿದ್ದರೂ ಕನ್ನಡ ಬಲ್ಲವರಿಗೆ ಗುರುತು ಸಿಗುತ್ತದೆ. ಇಂದು ಕಚೇರಿಯ ಗುಮಾಸ್ತರು "ಕಡತ ಬಂದಿಲ್ಲ" ಎನ್ನುವಾಗ, ಆ ಮಾತು ಒಂದು ಕಾಲಕ್ಕೆ ಹುಡುಗರ ಸ್ಲೇಟಿಗೂ ಸಲ್ಲುತ್ತಿತ್ತೆಂದು ಯಾರಿಗೆ ಹೊಳೆಯುತ್ತದೆ?

ಅಕ್ಷರವಾದ ಮೇಲೆ ಕಾಗುಣಿತ, ಒತ್ತಕ್ಷರ, ಆಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರುಗಳು, ಆಮೇಲೆ ಲೆಕ್ಕ. ಕಾಲು, ಅರೆ, ಮುಕ್ಕಾಲು ಎಂದು ನಾಲ್ಕರಿಂದ ಒಡೆಯುತ್ತ ಹೋಗುವ ಭಿನ್ನರಾಶಿಗಳ ವಿಷಯದಲ್ಲಿ ವಿಶೇಷ ಶ್ರಮ ವಹಿಸುತ್ತಿದ್ದರು. ದಿನಕ್ಕೆ ಎರಡು ಸಲ ಹುಡುಗರು ಸಾಲಾಗಿ ನಿಂತು ಮಗ್ಗಿಗಳನ್ನೂ ತೂಕ ಅಳತೆಗಳನ್ನೂ ಒಬ್ಬ ದೊಡ್ಡ ಹುಡುಗನ ಹಿಂದೆ ಒಪ್ಪಿಸಬೇಕು. ನಮ್ಮ ಅಜ್ಜನವರ ರಾಗದ ಮೂಲ ನನಗೆ ಇಲ್ಲಿ ಸಿಕ್ಕಿತು.

ಕತ್ತಲ ಬದಿ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಹಿಂದಿನದೆಲ್ಲ ಚಿನ್ನವೆಂದು ಹೊಗಳಿದಂತಾಗುತ್ತದೆ. ಅದು ಇತಿಹಾಸವಾಗಲಾರದು.

ಸೋಮಾರಿ ಎನಿಸಿಕೊಂಡ ಹುಡುಗನಿಗೆ ಆ ಮಠದಲ್ಲಿ ಬೆತ್ತದ ಏಟು, ಎರಡು ಕೈಗಳನ್ನೂ ಕಟ್ಟಿ ಸೂರಿಗೆ ಎಳೆದು ತೂಗುಹಾಕುವುದು, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಕೋದಂಡ, ಬಿಡುವಿಲ್ಲದೆ ಬಸ್ಕಿ. ಕ್ಯಾಂಬೆಲ್ಲರು ಇವನ್ನೆಲ್ಲ ಬರೆದಿದ್ದಾರೆ. ನಿಧಾನವಾಗಿ ಕಲಿಯುವ ಎಷ್ಟು ಮಕ್ಕಳು ಸೋಮಾರಿಗಳೆನಿಸಿಕೊಂಡು ಆ ಹಗ್ಗಕ್ಕೆ ಕೈಕೊಟ್ಟರೋ!

ಎರಡನೆಯದಾಗಿ, ಅರ್ಥ. ಪುರಾಣಗಳೂ ಕೋಶ ವ್ಯಾಕರಣಗಳೂ ಆಡುಮಾತಿಗಿಂತ ದೂರವಾದ ಕಾವ್ಯಭಾಷೆಯಲ್ಲಿದ್ದವು. ಹುಡುಗರು ಪದ್ಯಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಅರ್ಥ ಅವರಿಗೂ ತಿಳಿಯದು, ಎಷ್ಟೋ ವೇಳೆ ಹೇಳಿಕೊಟ್ಟವರಿಗೂ ತಿಳಿಯದು ಎಂಬುದು ಸಾಹೇಬರ ದೂರು. ಹಳಗನ್ನಡ ಹೇಳುವ ನನ್ನಂಥವನು ಈ ದೂರನ್ನು ಅಲ್ಲಗಳೆಯಲು ಮುಂದೆ ಬರಲಾರೆ. ಅಂದಿನ ಹುಡುಗರಿಗೆ ಪದ್ಯವಾದರೂ ಬಾಯಿಗೆ ಬರುತ್ತಿತ್ತು!

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆ 6,641 ಮಂದಿಯಲ್ಲಿ ಹಿಂದೂ ಹುಡುಗರು 6,338. ಅವರಲ್ಲಿ ಬ್ರಾಹ್ಮಣರು 1,185, ವೈಶ್ಯರು 981, ಶೂದ್ರರು 2,998, ಇತರ ಜಾತಿಗಳವರು 1,174. ವಿದ್ಯೆಯೆಲ್ಲ ಒಂದೇ ಜಾತಿಯ ಕೈಯಲ್ಲಿತ್ತೆಂಬ ಮಾತಿಗೆ ಈ ಅಂಕಿಗಳು ಅಡ್ಡಬರುತ್ತವೆ. ಮುಸಲ್ಮಾನ ಮಕ್ಕಳು 243. ಹೆಣ್ಣುಮಕ್ಕಳು? ಅರವತ್ತು. ಒಂಬತ್ತು ಲಕ್ಷ ಜನರಿರುವ ಜಿಲ್ಲೆಯಲ್ಲಿ ಅರವತ್ತು ಹುಡುಗಿಯರು! ಒಟ್ಟು ಜನಸಂಖ್ಯೆಯಲ್ಲಿ ಸಾವಿರಕ್ಕೆ ಏಳು ಮಂದಿ ಮಾತ್ರ ಶಾಲೆ ಕಂಡವರು. ಆ ಏಳರಲ್ಲಿ ಒಬ್ಬೊಬ್ಬರ ಶಕ್ತಿಗೆ ತಕ್ಕಂತೆ ಪಾಠ ಹೇಳಿದರೂ, ಹೊರಗೆ ನಿಂತ ಒಂಬೈನೂರ ತೊಂಬತ್ತಮೂರು ಮಂದಿಯ ಶಕ್ತಿ ಎಂಥದೆಂದು ಯಾರೂ ಕೇಳಲಿಲ್ಲ. ಇದ್ದ ಶಾಲೆಗಳೂ ದಿನದಿನಕ್ಕೆ ಸೊರಗುತ್ತಿವೆ, ನಾಡು ಬಡವಾಗುತ್ತಿರುವುದೇ ಕಾರಣ ಎಂದು ಆ ಕಂಪನಿಯ ಅಧಿಕಾರಿಯೇ ಒಪ್ಪಿಕೊಂಡಿದ್ದಾರೆ. ವಿಲಾಯಿತಿಯ ಬಟ್ಟೆ ಬಂದು ನೇಕಾರರ ಕಸುಬು ಕೆಟ್ಟಿತು; ಹೊಟ್ಟೆಗೆ ಸಾಲದ ತಂದೆ ತಾಯಿ ಮಗನನ್ನು ದುಡಿಮೆಗೆ ಹಚ್ಚದೆ ಮಠಕ್ಕೆ ಹೇಗೆ ಕಳಿಸಿಯಾರು?

ಸಮುದ್ರ ದಾಟಿದ ಮರಳು

ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ, ಹೇಳಿಕೊಡುತ್ತಲೇ ತಮ್ಮ ತಿಳಿವಳಿಕೆಯನ್ನು ಗಟ್ಟಿಮಾಡಿಕೊಳ್ಳುವ ಈ ಪದ್ಧತಿಯನ್ನು ಕ್ಯಾಂಬೆಲ್ಲರು ಬಾಯ್ತುಂಬ ಹೊಗಳಿ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವಾಗಿಯೇ ಇದೆ ಎಂಬರ್ಥದ ಮಾತು ಬರೆದಿದ್ದಾರೆ. ಆ ಅನುಕರಣೆಯ ಕಥೆ ಸ್ವಾರಸ್ಯವಾದದ್ದು.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೂರಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡನು. ಒಂದು ಬೆಳಿಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ, ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬರೆಯುವುದನ್ನು ಕಂಡನು. ತನ್ನ ಶಾಲೆಯಲ್ಲಿಯೂ ಹಾಗೆಯೇ ಮಾಡಿಸಲು ಹೇಳಿದರೆ ಅಲ್ಲಿಯ ಉಪಾಧ್ಯಾಯರು ಒಪ್ಪಲಿಲ್ಲ. ಆಗ ಬೆಲ್, ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನೇ ಅಕ್ಷರದ ತರಗತಿಗೆ ಉಪಾಧ್ಯಾಯನನ್ನಾಗಿ ಮಾಡಿದನು. ಮರಳು ನೆರವಾಯಿತು, ಹುಡುಗನೂ ಗೆದ್ದನು. ಬೆಲ್ ಸ್ವದೇಶಕ್ಕೆ ಮರಳಿ 1797ರಲ್ಲಿ ಈ ಪ್ರಯೋಗವನ್ನು ಕುರಿತು ಪುಸ್ತಕ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದು ಮದರಾಸು ಪದ್ಧತಿ ಎಂದೇ ಹೆಸರಾಯಿತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತನೂ ಇಂಥದೇ ಶಾಲೆ ನಡೆಸಿದನು.

ಆದರೆ ಜಗಲಿಯಲ್ಲಿ ಹುಟ್ಟಿದ್ದು ಕಾರ್ಖಾನೆಗಳ ದೇಶಕ್ಕೆ ಹೋದ ಮೇಲೆ ಬಣ್ಣ ಬದಲಾಯಿಸಿತು. ಹನ್ನೆರಡು ಹುಡುಗರಿದ್ದಲ್ಲಿ ನೂರಾರು ಹುಡುಗರು, ಸಾಲುಸಾಲು ಬೆಂಚು, ಒಬ್ಬನೇ ಉಪಾಧ್ಯಾಯ. ಅಗ್ಗದಲ್ಲಿ ಹೆಚ್ಚು ಮಕ್ಕಳಿಗೆ ಅಕ್ಷರ ಎಂಬುದೇ ಗುರಿಯಾಯಿತು. ಬಡವರ ಮಕ್ಕಳಿಗೆ ಅಷ್ಟಾದರೂ ದೊರೆತದ್ದು ಸುಳ್ಳಲ್ಲ. ಆದರೆ ಒಬ್ಬೊಬ್ಬನ ಶಕ್ತಿಯನ್ನು ನೋಡುವ ಕಣ್ಣು ಆ ಗದ್ದಲದಲ್ಲಿ ಕಳೆದುಹೋಯಿತು. ಮುಂದೆ 1862ರಲ್ಲಿ ಅಲ್ಲಿಯ ಸರ್ಕಾರ ಇನ್‌ಸ್ಪೆಕ್ಟರರ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಲೆಕ್ಕದ ಮೇಲೆ ಶಾಲೆಗೆ ಹಣ ಕೊಡುವ ನಿಯಮ ತಂದಿತು. ಇಂಥ ನಿಯಮ ನಮ್ಮ ಮದರಾಸು ಪ್ರಾಂತಕ್ಕೂ ಬಂದು ಜಗಲಿಯ ಶಾಲೆಗಳನ್ನು ಮುಟ್ಟಿತು. ಕಾಲಕ್ರಮದಲ್ಲಿ ಬೆಂಚು, ಗಂಟೆ, ವರ್ಷಕ್ಕೊಂದು ತರಗತಿ, ಎಲ್ಲರಿಗೂ ಒಂದೇ ದಿನ ಒಂದೇ ಪುಟ ಎಂಬುದು ನಮ್ಮ ಶಾಲೆಗಳ ಹಣೆಬರಹವಾಯಿತು. ಬಾಗಿಲು ದೊಡ್ಡದಾಯಿತು, ಹೊರಗೆ ನಿಂತಿದ್ದವರು ನಿಧಾನವಾಗಿ ಒಳಗೆ ಬಂದರು. ಅದು ದೊಡ್ಡ ಲಾಭ. ಏಣಿ ಮಾತ್ರ ಮುರಿಯಿತು; ಅದು ನಷ್ಟ. ಎರಡನ್ನೂ ಒಟ್ಟಿಗೆ ಹೇಳಬೇಕು.

ಮತ್ತೆ ಬೆರಳು, ಮತ್ತೆ ಏಣಿ

1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಮರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆ ಚಿಕ್ಕ ಮಕ್ಕಳಿಗಾಗಿ ಒಂದು ಮನೆ ತೆರೆದರು. ಅಲ್ಲಿ ಮರಳುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ, ಅದರ ಧ್ವನಿಯನ್ನು ಹೇಳುತ್ತ ಕಲಿಯುತ್ತಿತ್ತು. ಆಕೆಗೆ ಈ ದಾರಿ ದೊರೆತದ್ದು ಫ್ರಾನ್ಸಿನ ಹಳೆಯ ವೈದ್ಯರ ಪ್ರಯೋಗಗಳಿಂದ, ನಮ್ಮ ಮಠಗಳಿಂದಲ್ಲ. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದರು. ಯುದ್ಧ ಹತ್ತಿ, 1946ರವರೆಗೆ ಈ ದೇಶದಲ್ಲಿಯೇ ಉಳಿದು ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. ಬೆಲ್ ಮರಳು ಕಂಡ ಪಟ್ಟಣದಲ್ಲಿಯೇ, ಒಂದೂವರೆ ಶತಮಾನದ ಮೇಲೆ, ಬೆರಳಿನ ಪಾಠ ಮತ್ತೆ ಹೊಸದಾಗಿ ಬಂದಿತು.

ನಮ್ಮ ರಾಜ್ಯದಲ್ಲಿಯೇ ಇನ್ನೊಂದು ಪ್ರಯತ್ನ ನಡೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕಡೆ, ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಉಪಾಧ್ಯಾಯರು 'ನಲಿ-ಕಲಿ'ಯನ್ನು ಆರಂಭಿಸಿದರು. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು ಗೋಡೆಯ ಮೇಲೆ ಏಣಿಯಾಗಿ ಬರೆದರು. ಮಗು ಒಂದು ಮೆಟ್ಟಿಲನ್ನು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ರಜೆ ಹಾಕಿ ಬಂದರೆ ಬಿಟ್ಟಲ್ಲಿಂದ ಏರುತ್ತದೆ. ಹಲವು ವಯಸ್ಸಿನ ಮಕ್ಕಳು ಗುಂಪಾಗಿ ನೆಲದ ಮೇಲೆ ಕುಳಿತು, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಕಲಿಯುತ್ತಾರೆ. 2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು. ಹೆಣ್ಣುಮಕ್ಕಳೂ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಕುಳಿತ ನೆಲದ ಮೇಲೆ ಅದೇ ಏಣಿಯನ್ನು ಮತ್ತೆ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಇಕ್ಕಟ್ಟಿನ ಕೊಠಡಿಯಲ್ಲಿ, ಒಬ್ಬರೇ ಉಪಾಧ್ಯಾಯರಿರುವಲ್ಲಿ ಅದು ಎಷ್ಟು ಕಷ್ಟವೆಂಬುದನ್ನು ಆ ಉಪಾಧ್ಯಾಯರೇ ಬಲ್ಲರು.

ಕಣ್ಣು, ಕಿವಿ, ಕೈ

ಇನ್ನು ನನ್ನ ಪ್ರಶ್ನಾವಳಿಯ ಮಾತು. ಹೋವರ್ಡ್ ಗಾರ್ಡ್ನರ್ ಎಂಬ ಅಮೆರಿಕದ ಮನೋವಿಜ್ಞಾನಿ 1983ರಲ್ಲಿ ಬುದ್ಧಿಶಕ್ತಿ ಒಂದಲ್ಲ, ಹಲವು ಎಂದು ಬರೆದರು. ಅದು ಬೇರೆ, ಕಲಿಕೆಯ ಶೈಲಿ ಬೇರೆ ಎಂದು ಅವರೇ ಆಮೇಲೆ ಹೇಳಬೇಕಾಯಿತು; ಅಷ್ಟರಮಟ್ಟಿಗೆ ಜನ ಎರಡನ್ನೂ ಬೆರೆಸಿಬಿಟ್ಟಿದ್ದರು. ಕಣ್ಣು, ಕಿವಿ, ಕೈಗಳ ಪ್ರಶ್ನಾವಳಿಯೊಂದನ್ನು 1992ರಲ್ಲಿ ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಪ್ರಚಾರಕ್ಕೆ ತಂದರು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು ಈ ವಿಷಯದ ಸಂಶೋಧನೆಗಳನ್ನು ಜಾಲಿಸಿ ನೋಡಿದರು. ಮಕ್ಕಳಿಗೆ ಇಂಥದು ಇಷ್ಟ, ಅಂಥದು ಇಷ್ಟ ಎಂಬುದುಂಟು. ಆದರೆ ಕಿವಿಯವನಿಗೆ ಕಿವಿಯಿಂದಲೇ, ಕಣ್ಣಿನವನಿಗೆ ಕಣ್ಣಿನಿಂದಲೇ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಆಧಾರವಿಲ್ಲ ಎಂದು ತೀರ್ಮಾನಿಸಿದರು. ಶಿಬಿರದ ತಜ್ಞರು ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಉಪ್ಪಿಟ್ಟು ತಿಂದು 'ನಮಸ್ಕಾರ' ಎಂದು ಬಂದೆ.

ಹಾಗಾದರೆ ಮಕ್ಕಳಲ್ಲಿ ಭೇದವೇ ಇಲ್ಲವೆ? ಉಂಟು. ಒಬ್ಬನು ಎಲ್ಲಿ ನಿಂತಿದ್ದಾನೆ, ಏನು ಆಗಲೇ ಬಲ್ಲನು, ಎಷ್ಟು ಹೊತ್ತು ಬೇಕು, ಪಕ್ಕದಲ್ಲಿ ತಿದ್ದುವವರು ಯಾರಿದ್ದಾರೆ: ಭೇದವಿರುವುದು ಇಲ್ಲಿ. ಮಠದ ಅಯ್ಯನವರು ನೋಡಿದ್ದು ಇದನ್ನೇ. ಹುಡುಗನ ಹಣೆಗೆ ಶೈಲಿಯ ಚೀಟಿ ಅಂಟಿಸಲಿಲ್ಲ. ಅವನನ್ನು ನಾಲ್ಕು ಗುಂಪುಗಳಲ್ಲಿ ತಕ್ಕ ಜಾಗದಲ್ಲಿ ಕೂಡಿಸಿ, ಏರಲು ಬಿಟ್ಟರು. ಇನ್ನೊಂದು ಗುಟ್ಟು ಆ ಮರಳಿನಲ್ಲಿದೆ. ಬರೆದದ್ದು ಉಳಿಯುವುದಿಲ್ಲ. ಅಳಿಸಿದ ಮೇಲೆ ಮತ್ತೆ ಬರೆಯಬೇಕಾದರೆ ನೆನಪಿನಿಂದಲೇ ತೆಗೆಯಬೇಕು. ಹಾಗೆ ಮತ್ತೆ ಮತ್ತೆ ನೆನಪಿನಿಂದ ಹೊರತೆಗೆಯುವುದೇ ಕಲಿತದ್ದನ್ನು ಗಟ್ಟಿಮಾಡುತ್ತದೆ ಎಂದು ಇಂದಿನ ಮನೋವಿಜ್ಞಾನವೂ ಹೇಳುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ, ಉತ್ತರ ಕರ್ನಾಟಕದ ಒಂದು ತಾಲ್ಲೂಕು ಸ್ಥಳದಲ್ಲಿ ನಾನು ಹೊಸ ಅಧ್ಯಾಪಕ. ಹಿಂದಿನ ಬೆಂಚಿನ ಒಬ್ಬ ಹುಡುಗನಿಗೆ ಒಂದು ಷಟ್ಪದಿಯ ಅನ್ವಯ ಬರೆಯಲು ಎಷ್ಟು ಸಲ ಹೇಳಿದರೂ ಬರುತ್ತಿರಲಿಲ್ಲ. ಒಂದು ದಿನ ಎಲ್ಲರೆದುರಿಗೆ ಅವನನ್ನು ದಡ್ಡ ಎಂದೆ. ಅವನು ಪರೀಕ್ಷೆಯಲ್ಲಿ ನಪಾಸಾದ, ಕಾಲೇಜು ಬಿಟ್ಟ. ಎರಡು ವರ್ಷ ಕಳೆದ ಮೇಲೆ ಹತ್ತಿರದ ಹಳ್ಳಿಯ ಜಾತ್ರೆಯಲ್ಲಿ ದೊಡ್ಡಾಟ ನೋಡಲು ಹೋದೆ. ಕಿರೀಟ, ಭುಜಕೀರ್ತಿ ಕಟ್ಟಿ ದುರ್ಯೋಧನನಾಗಿ ಬೆಳಗಿನ ಜಾವದವರೆಗೆ ಪದವನ್ನೂ ಮಾತನ್ನೂ ಎಲ್ಲಿಯೂ ತಡೆಯದೆ ನಡೆಸಿದವನು ಅದೇ ಹುಡುಗ. ಬೆಳಿಗ್ಗೆ ಚಹದ ಅಂಗಡಿಯಲ್ಲಿ ಅವನೇ ಬಂದು ಮಾತಾಡಿಸಿದ. ಇಷ್ಟೆಲ್ಲ ಹೇಗೆ ಬಾಯಿಗೆ ಬಂತೆಂದು ಕೇಳಿದೆ. "ಮೂರು ತಿಂಗಳು ದಿನಾ ರಾತ್ರಿ ತಾಲೀಮು ಇರ್ತದ್ರೀ ಸರ. ಮಾಸ್ತರು ಹೇಳ್ತಾರ, ನಾವು ಹೇಳ್ತೀವಿ, ಕುಣೀತೀವಿ. ತಪ್ಪಿದ್ರ ಬಾಜೂಕಿನವ ತಿದ್ದತಾನ" ಎಂದ. ಚಹದ ದುಡ್ಡನ್ನೂ ನನಗೆ ಕೊಡಗೊಡಲಿಲ್ಲ.

ಅವನನ್ನು ಕಿವಿಯವನೆನ್ನಲೆ, ಕಾಲಿನವನೆನ್ನಲೆ? ಆ ಮಾಸ್ತರರು ಅವನಿಗೆ ಮೂರು ತಿಂಗಳು ಕೊಟ್ಟರು; ನಾನು ಮೂರು ಪೀರಿಯಡ್ಡು ಕೊಟ್ಟೆ. ಭೇದವಿದ್ದದ್ದು ಹುಡುಗನಲ್ಲಲ್ಲ.

ಈ ವರ್ಷ ನಾನು ಆ ಮೂರು ಪಟ್ಟಿಗಳನ್ನು ಹರಿದುಹಾಕಿದೆ. ಮಠದ ಅಯ್ಯನವರಿಗೆ ಹನ್ನೆರಡು ಹುಡುಗರು, ನನಗೆ ಎಂಬತ್ತು. ಅವರ ಭಾಗ್ಯ ನನಗಿಲ್ಲ. ಆದರೂ ವಾರದಲ್ಲಿ ಒಂದು ತಾಸು ನಾಲ್ಕು ನಾಲ್ವರ ಗುಂಪು ಮಾಡಿಸುತ್ತೇನೆ. ಕುಮಾರವ್ಯಾಸನ ಒಂದು ಪದ್ಯವನ್ನು ನಾನು ಓದುತ್ತೇನೆ, ಅವರು ಓದುತ್ತಾರೆ, ಹಲಗೆಯ ಮೇಲೆ ಪದ ಬಿಡಿಸುತ್ತೇವೆ, ಹಲಗೆ ಒರಸಿ, ಪುಸ್ತಕ ಮುಚ್ಚಿ, ಅವರವರ ಮಾತಿನಲ್ಲಿ ಅರ್ಥ ಬರೆಯುತ್ತಾರೆ, ಆಮೇಲೆ ಒಬ್ಬರದನ್ನೊಬ್ಬರು ತಿದ್ದುತ್ತಾರೆ. ಗದ್ದಲವಾಗುತ್ತದೆ. ಪಕ್ಕದ ಕೊಠಡಿಯ ಅರ್ಥಶಾಸ್ತ್ರದ ಅಧ್ಯಾಪಕರು ಎರಡು ಸಲ ಬಂದು ಇಣುಕಿ ಹೋಗಿದ್ದಾರೆ. ಪಾಠ ಹಿಂದೆ ಬೀಳುತ್ತದೆ. ಆ ಚಿಂತೆ ನನಗೂ ಇದೆ.

ಕಿವಿಯಿಂದ ಕಲಿಯುವವಳೆಂದು ನಾನು ಹೆಸರಿಟ್ಟ ಹುಡುಗಿಯನ್ನು ಕರೆದು, ನಾನು ಹೇಳಿದ್ದು ತಪ್ಪಮ್ಮ ಎಂದೆ. ಅವಳು ನಕ್ಕು ಸುಮ್ಮನಾದಳು. ಈಗ ಪುಸ್ತಕ ತರುತ್ತಾಳೆ. ಮೊನ್ನೆ ಅವಳ ಗುಂಪಿನಲ್ಲಿ ಒಬ್ಬ ಹುಡುಗನಿಗೆ ಪದ ಬಿಡಿಸಲು ಬಾರದೆ ಹೋದಾಗ, ಅವಳು ಬೆಂಚಿನ ಮೇಲಿನ ಸೀಮೆಸುಣ್ಣದ ಧೂಳಿನಲ್ಲಿಯೇ ಬೆರಳಿನಿಂದ ಬರೆದು, ಬಾಯಲ್ಲಿ ಹೇಳುತ್ತ ತೋರಿಸುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ನಡುವೆ ಹೋಗದೆ ದೂರದಲ್ಲಿಯೇ ನಿಂತು ನೋಡಿದೆ.